‘ಇಲ್ಲೇ ಇದೀನಿ’ ಎಂದ ದನಿ

“ಇನ್ನೊಂದು ಸಲ ಹಾಕಿ,” ಎಂದರು ಕನ್ನಡಕದಂಗಡಿಯವರು.

ವೆಬ್‌ಸೈಟ್ ಹೆಸರುಗಳ ನೋಂದಣಿ ಕಚೇರಿಯ ಅಧಿಕಾರಿ ಧ್ವನಿಮುದ್ರಣ ಹಾಕಿದರು. ಕಿಟಕಿಯಿಲ್ಲದ ಪುಟ್ಟ ಕೋಣೆ. ಒಂದು ಮೇಜು, ಒಂದು ಕಂಪ್ಯೂಟರು, ಅದರ ಎರಡು ಪಕ್ಕದಲ್ಲಿ ಗೇಣುದ್ದದ ಸ್ಪೀಕರುಗಳು. ಏಳು ತಿಂಗಳಿಂದ ಕಾಣದ ಹೆಂಗಸೊಬ್ಬಳ ದನಿ ಅವುಗಳಿಂದ ಮತ್ತೆ ಹೊರಬಂತು.

“ನೀವು ಈಗಲೂ ಈ ದೇಶದಲ್ಲೇ ವಾಸ ಇದೀರಾ ಮೇಡಂ?” ಅದು ಈ ಅಧಿಕಾರಿಯದೇ ಪ್ರಶ್ನೆ. ಹೋದ ತಿಂಗಳು ಫೋನಿನಲ್ಲಿ ಕೇಳಿದ್ದು.

“ಇಲ್ಲೇ ಇದೀನಿ. ಎಲ್ಲಿಗೆ ಹೋಗ್ಲಿ?”

ಕನ್ನಡಕದಂಗಡಿಯವರು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ತಮ್ಮ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಕೇಳುವುದಕ್ಕೆ ಕನ್ನಡಕ ಬೇಕಿಲ್ಲ ಎಂಬುದು ಅವರಿಗೆ ಮರೆತುಹೋಗಿತ್ತು.

“ಅವಳೇ,” ಎಂದರು ನನ್ನ ಕಡೆ ತಿರುಗಿ. “ಮೇಡಂ, ಇವಳು ನನ್ನ ಹೆಂಡ್ತಿ. ಬದುಕಿದಾಳೆ. ಈ ದೇಶದಲ್ಲೇ ಎಲ್ಲೋ ಇದಾಳೆ. ಇನ್ನೇನು ಬೇಕು ನಿಮಗೆ?”

ಆಕೆಯನ್ನು ಹುಡುಕಲು ಅವರು ಗೊತ್ತುಮಾಡಿದ ಪತ್ತೇದಾರಿ ನಾನು; ಹೂಂ ಅನ್ನಲಿಲ್ಲ. ಪತ್ತೇದಾರಿಕೆಯಲ್ಲಿ ಬೇಗ ಹೂಂ ಅಂದವರು ಬೇಗ ಮೋಸಹೋಗುತ್ತಾರೆ. ಅದೂ ಅಲ್ಲದೆ, ಹಾಕಿದ ಬೀಗವನ್ನೇ ಇನ್ನೊಮ್ಮೆ ಎಳೆದು ನೋಡಿ ಮೆಟ್ಟಿಲಿಳಿಯುವವಳು ನಾನು.

ಅವರ ಹೆಂಡತಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಓದೋ ಅಕ್ಕ’ ಎಂದು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿದ್ದಳು. ವೆಬ್‌ಸೈಟಿನ ಹೆಸರೂ ಅದೇ. ಓದೋ ಅಕ್ಕ, ಒಂದು ಚುಕ್ಕಿ, ಆಮೇಲೆ ಈ ದೇಶದ ಗುರುತಿನ ಎರಡಕ್ಷರ. ಯಾವ ಮಸೂರಕ್ಕೂ ದಕ್ಕದ ಕಣ್ಣು ಅಂಗಡಿಗೆ ಬಂದರೆ ಗಂಡ ಆ ಹೆಸರನ್ನು ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದರು. “ನನ್ನ ಕೈಲಿ ಆಗಲಿಲ್ಲ, ನನ್ನ ಹೆಂಡ್ತಿ ಕೈಲಿ ಆಗುತ್ತೆ” ಎನ್ನುತ್ತಿದ್ದರಂತೆ.

ಮೈಕು ರಿಪೇರಿಗೆ ಕೊಟ್ಟು ಬರುತ್ತೇನೆಂದು ಹೊರಟ ಆಕೆ ಮರಳಲಿಲ್ಲ. ಓದುತ್ತಿದ್ದ ಕಾದಂಬರಿ ಅರ್ಧಕ್ಕೆ ನಿಂತಿದೆ. ಮೊಬೈಲು ಅಂದಿನಿಂದ ಸ್ವಿಚ್ ಆಫ್. ಎರಡು ಜೊತೆ ಬಟ್ಟೆಯೂ ಕಾಣೆಯಾಗಿದ್ದರಿಂದ ಪೊಲೀಸರು ‘ತಾವಾಗಿ ಹೋಗಿದಾರೆ’ ಎಂದು ಕೈ ತೊಳೆದುಕೊಂಡರು. ಹೋದ ತಿಂಗಳು ವೆಬ್‌ಸೈಟಿನ ಆ ಹೆಸರಿನ ಅವಧಿಯೂ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾರೋ ನವೀಕರಿಸಿದ್ದರು.

“ಯಾರು ಬೇಕಾದರೂ ನವೀಕರಿಸಬಹುದಾ?” ಎಂದು ಅಧಿಕಾರಿಯನ್ನು ಕೇಳಿದೆ.

“ಇಲ್ಲ ಮೇಡಂ, ಅದೇ ಅಲ್ವಾ ವಿಷಯ? ಕೊನೆಯ ಎರಡಕ್ಷರ ದೇಶದ್ದು. ಇಲ್ಲಿ ವಾಸ ಇರೋರಿಗೆ ಮಾತ್ರ ಕೊಡ್ತೀವಿ. ದೇಶ ಬಿಟ್ಟು ಹೋದ್ರೆ ಅರ್ಹತೆ ಹೋಯ್ತು, ಹೆಸರು ವಾಪಸ್. ವರ್ಷಕ್ಕೊಂದ್ಸಲ ನವೀಕರಿಸುವಾಗ ‘ನಾನು ಇನ್ನೂ ಇಲ್ಲೇ ಇದೀನಿ’ ಅಂತ ಅವರೇ ಹೇಳ್ಬೇಕು. ಅವರ ಪರವಾಗಿ ಬೇರೆಯವರು ಹೇಳೋ ಹಾಗಿಲ್ಲ, ಗಂಡನಾದ್ರೂ ಅಷ್ಟೆ. ಅನುಮಾನ ಬಂದ್ರೆ ನಾವು ಫೋನ್ ಮಾಡ್ತೀವಿ. ಮೊದಲ ಸಲ ನೋಂದಾಯಿಸಿದಾಗ ಕೊಟ್ಟ ದನಿ ಜೊತೆ ಹೋಲಿಸಿ ನೋಡ್ತೀವಿ.”

“ಹೋಲ್ತಾ?”

“ಯಂತ್ರ ಒಪ್ತು. ನಾನೂ ಒಪ್ಪಿದೆ. ಬಟ್ಟೆ ಮಡಿಸೋವಾಗ ನಾನೂ ಅವರ ಓದು ಕೇಳ್ತೀನಿ ಮೇಡಂ. ಆ ದನಿ ನನಗೆ ಗೊತ್ತಿಲ್ವಾ?”

“ಯಾವ ನಂಬರಿಗೆ ಮಾಡಿದ್ರಿ? ಹಳೇ ಮೊಬೈಲಿಗಾ?”

“ಅಲ್ಲ, ನವೀಕರಿಸುವಾಗ ನಂಬರ್ ಬದಲಾಯಿಸಿದಾರೆ. ಹೊಸ ನಂಬರ್ ಮಾತ್ರ ನಾನು ಹೇಳೋ ಹಾಗಿಲ್ಲ. ಪೊಲೀಸರನ್ನ ಕರ್ಕೊಂಡು ಬನ್ನಿ, ಕೊಡ್ತೀನಿ.”

“ಸರಿ. ಮಾತು ಮುಗಿದ ಮೇಲೂ ನಿಲ್ಲಿಸಬೇಡಿ. ಕೊನೇವರೆಗೂ ಬಿಡಿ,” ಎಂದೆ.

ಧ್ವನಿಮುದ್ರಣ ಮುಂದುವರಿಯಿತು. ಅಧಿಕಾರಿ ಒಂದು ಸಂಖ್ಯೆ ಓದಿದರು. ತಿರುಗಿ ಹೇಳಿ ಎನ್ನುವ ಮೊದಲೇ ಆ ದನಿ ಅದನ್ನು ಎರಡೆರಡಾಗಿ ಮುರಿದು ಒಪ್ಪಿಸಿತು. “ನಲವತ್ತೊಂದು, ಎಂಬತ್ತು, ಹದಿನಾರು. ಸರೀನಾ?”

“ಸರಿ ಮೇಡಂ, ಆಯ್ತು.”

“ಇಡ್ಲಾ?” ಎಂದಿತು ಆ ದನಿ.

ಆಮೇಲೆ ಏನೂ ಇಲ್ಲ. ಫೋನು ಕೆಳಗಿಟ್ಟ ಸದ್ದೂ ಇಲ್ಲ. ಬರೀ ಉಸಿರು. ಆ ಕಡೆಯವರು ಏನನ್ನೋ ಕಾಯುತ್ತಿದ್ದರು. ಕಾಯುತ್ತಲೇ ಇದ್ದರು. ಆಮೇಲೆ ಕಟ್ಟಾಯಿತು.

“ನಾನೇ ಕಟ್ ಮಾಡಿದ್ದು,” ಎಂದರು ಅಧಿಕಾರಿ. “ಅವರು ಇಡೋ ಹಾಗೇ ಕಾಣ್ಲಿಲ್ಲ.”

ಆ ಕಾಯುವಿಕೆಯನ್ನು ನಾನು ಮೊದಲೇ ಕೇಳಿದ್ದೆ. ಹೋದ ವಾರ, ನನ್ನದೇ ಫೋನಿನಲ್ಲಿ, ನನ್ನದೇ ಕಿವಿಯಲ್ಲಿ.

ಕನ್ನಡಕದಂಗಡಿಯವರ ಮುಖ ನೋಡಿದೆ. ಅವರಿಗೆ ಏನೂ ಹೊಳೆದಿರಲಿಲ್ಲ. ಹೊಳೆಯುವುದು ಅವರಿಗೆ ಬೇಕಾಗಿಯೂ ಇರಲಿಲ್ಲ.

“ಒಂದು ಉಪಕಾರ,” ಎಂದು ಅಧಿಕಾರಿಗೆ ಹೇಳಿದೆ. “ಈ ಕರೆ ಆದ ಮೇಲೆ ಆಕೆಯ ಖಾತೆಯನ್ನ ಯಾರಾದರೂ ತೆರೆದಿದ್ದಾರಾ, ಸ್ವಲ್ಪ ನೋಡ್ತೀರಾ?”

“ನೋಡ್ತೀನಿ. ಆದ್ರೆ ಏನಾದ್ರೂ ಸಿಕ್ಕಿದ್ರೆ ಮೊದ್ಲು ಆ ಮೇಡಂಗೇ ಫೋನ್ ಮಾಡೋದು, ನಿಮಗಲ್ಲ. ಬೇಜಾರ್ ಮಾಡ್ಕೋಬೇಡಿ.”

ಹೊರಗೆ ಕಾಲುದಾರಿಯಲ್ಲಿ ಕನ್ನಡಕದಂಗಡಿಯವರು ನಿಂತಲ್ಲಿ ನಿಲ್ಲಲಾರದೆ ಹೋದರು. ಬಸ್ಸು ಹಿಡಿಯಲೋ, ನಡೆಯಲೋ, ಯಾರನ್ನಾದರೂ ತಬ್ಬಿಕೊಳ್ಳಲೋ ತಿಳಿಯದ ಹಾಗೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಇಟ್ಟರು.

“ಅತ್ತೆಗೆ ಹೇಳ್ಬೇಕು ಮೇಡಂ. ಪಾಪ, ಅವರು ನನ್ನ ಜೊತೆ ಸರಿಯಾಗಿ ಮಾತಾಡಿ ತಿಂಗಳುಗಳಾಯ್ತು. ನಾನು ಹೋದ್ರೆ ಮುಖ ತಿರುಗಿಸ್ತಾರೆ.”

“ನಾನೇ ಹೋಗಿ ಹೇಳ್ತೀನಿ. ನೀವು ಅಂಗಡಿ ನೋಡ್ಕೊಳ್ಳಿ.”

“ಅಂಗಡಿ ಏನ್ ಮೇಡಂ ಅಂಗಡಿ!” ಜೇಬಿನಿಂದ ಕನ್ನಡಕದ ಡಬ್ಬಿಯೊಂದನ್ನು ತೆಗೆದು, ಅಂಗೈಯಲ್ಲಿಟ್ಟು ತೋರಿಸಿದರು. “ಅವಳಿಗೆ ಹೊಸ ಗಾಜು ಹಾಕಿಟ್ಟಿದೀನಿ. ಹಳೇದ್ರಲ್ಲಿ ಓದಿ ಓದಿ ತಲೆನೋವು ಅಂತಿದ್ಳು. ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತ ನಾನು ಮುಂದೆ ಹಾಕಿದ್ದೇ ಬಂತು. ಊರೋರಿಗೆಲ್ಲ ಮಾಡ್ಕೊಡ್ತೀನಿ, ಮನೆಯವಳಿಗೆ ಮಾತ್ರ ನಾಳೆ. ಬಂದ ತಕ್ಷಣ ಬೈತಾಳೆ ನೋಡಿ, ಫ್ರೇಮು ಅಜ್ಜನ ಕಾಲದ್ದು ಅಂತ.”

ಹೇಳಿ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ನಗುವಿಗೆ ಅಡ್ಡ ಬರುವ ಮಾತೊಂದು ನನ್ನ ನಾಲಿಗೆಯ ಮೇಲೇ ಇತ್ತು. ನುಂಗಿಕೊಂಡೆ.

*

ಅವರ ಅತ್ತೆಯ ಮನೆ ಒಂದು ಸೈಕಲ್ ಅಂಗಡಿಯ ಮೇಲಿತ್ತು. ಕೆಳಗಿನಿಂದ ಟ್ಯೂಬಿಗೆ ಗಾಳಿ ಹಾಕುವ ಸದ್ದು ಬರುತ್ತಿತ್ತು. ಬೀದಿಯವರು ಅವರನ್ನು ‘ಎಕ್ಸ್‌ಚೇಂಜ್ ಅಮ್ಮ’ ಎನ್ನುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ, ಅಲ್ಲೇ ನಿವೃತ್ತರಾದವರು. ಅಷ್ಟು ವರ್ಷ ಹೆಡ್‌ಫೋನು ಕಟ್ಟಿಕೊಂಡು ಒಂದು ಕಿವಿ ಮಂದವಾಗಿದೆ. ಮುಕ್ಕಾಲಿಯ ಮೇಲಿರುವ ಲ್ಯಾಂಡ್‌ಲೈನ್ ಫೋನಿನ ಸ್ಪೀಕರು ಅದಕ್ಕೇ ಯಾವಾಗಲೂ ಗಟ್ಟಿಯಾಗಿರುತ್ತದೆ.

ಅಮ್ಮ ಮುಕ್ಕಾಲಿಯ ಪಕ್ಕ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ನಾನು ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಬಾಗಿಲು ಕಾಣುವ ಹಾಗೆ ಕೂತೆ. ಬಾಗಿಲಿಗೆ ಬೆನ್ನು ಹಾಕಿದರೆ ನನಗೆ ಮಾತು ಹೊರಡುವುದಿಲ್ಲ.

“ಯಾರು ಬರ್ತಾರೆ ಅಂತ ಬಾಗಿಲು ನೋಡ್ತೀಯ ತಾಯಿ?” ಎಂದರು. “ಕಾಯೋ ಕೆಲಸ ನಂದು. ನಿಂದು ಹುಡುಕೋದು.”

“ಹುಡುಕ್ತಾನೇ ಬಂದೆ ಅಮ್ಮ. ಹೋದ ವಾರ ನೀವು ನನಗೆ ಫೋನ್ ಮಾಡಿದ್ರಿ. ಕೊನೇಲಿ ಏನಂದ್ರಿ, ನೆನಪಿದ್ಯಾ?”

“ಏನಂದೆ? ಮಗಳ ಸುದ್ದಿ ಉಂಟಾ ಅಂದೆ.”

“ಆಮೇಲೆ ‘ಇಡ್ಲಾ’ ಅಂದ್ರಿ. ನಾನು ‘ಇಡಿ’ ಅನ್ನೋವರೆಗೂ ಕಾದ್ರಿ.”

“ಓ, ಅದಾ!” ಅಮ್ಮ ನಕ್ಕರು. “ಅಭ್ಯಾಸ ಕಣಮ್ಮ. ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತವರು ಮಾತು ಮುಗಿಯೋ ಮೊದ್ಲೇ ತಂತಿ ಕಿತ್ರೆ ಸೂಪರ್‌ವೈಸರ್ ಚರ್ಮ ಸುಲೀತಿದ್ಳು. ‘ಮುಗೀತಾ, ಬಿಡಿಸ್ಲಾ’ ಅಂತ ಕೇಳ್ಬೇಕು. ಹೂಂ ಅಂದ್ಮೇಲೇ ಕೈ ಹಾಕ್ಬೇಕು. ಮನೆಗೆ ಬಂದ್ರೂ ಅದೇ ಚಾಳಿ. ಮಗಳು ಅಣಕಿಸೋಳು. ಆದ್ರೂ ಕೊನೇಲಿ ‘ಇಡಮ್ಮ’ ಅಂತಿದ್ಳು. ಅವಳು ಹಾಗಂದ್ರೇನೇ ನನ್ನ ಕೈ ಕೆಳಗೆ ಇಳೀತಿದ್ದದ್ದು.”

“ನಂಬರನ್ನ ಎರಡೆರಡಾಗಿ ಮುರಿದು ಒಪ್ಪಿಸೋದೂ ಬೋರ್ಡಿನ ಅಭ್ಯಾಸವೇ?”

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು.

“ಹೋದ ತಿಂಗಳು ನೋಂದಣಿ ಕಚೇರಿಯಿಂದ ಬಂದ ಫೋನ್ ಎತ್ತಿದ್ದು ನೀವು,” ಎಂದೆ. “‘ಇಲ್ಲೇ ಇದೀನಿ’ ಅಂದದ್ದು ನಿಮ್ಮ ಮಗಳಲ್ಲ.”

ಅಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ನಿಧಾನವಾಗಿ ಕೈ ಒರೆಸಿಕೊಂಡರು. ಸುಳ್ಳು ಹೇಳಲು ಹೊರಟವರ ಅವಸರ ಅವರಲ್ಲಿರಲಿಲ್ಲ.

“ಅಳಿಯಂದ್ರಿಗೆ ಗೊತ್ತಾ?”

“ಇಲ್ಲ.”

“ಕೇಳಿಸ್ಕೊಂಡ್ರಾ?”

“ಮತ್ತೆ ಮತ್ತೆ ಹಾಕಿಸ್ಕೊಂಡು ಕೇಳಿದ್ರು. ಅವಳೇ ಅಂದ್ರು.”

“ಅನ್ನದೆ ಏನು? ಮದುವೆಯಾದ ಹೊಸದ್ರಲ್ಲಿ ನಾನು ಫೋನ್ ಎತ್ತಿ ಹಲೋ ಅಂದ್ರೆ ಸಾಕು, ‘ಏನೇ ಚಿನ್ನ’ ಅಂತ ಶುರು ಮಾಡೋರು. ‘ಚಿನ್ನ ಅಡಿಗೆಮನೇಲಿದಾಳೆ, ಕರೀತೀನಿ ಇರಿ’ ಅಂತ ನಾನು. ಪಾಪ, ಎಷ್ಟೋ ದಿನ ನನ್ನೆದುರು ತಲೆ ಎತ್ತಿರ್ಲಿಲ್ಲ.” ನಗಲು ಹೋದ ತುಟಿ ಅಲ್ಲೇ ಸೊಟ್ಟಗಾಯಿತು. “ಈಗ್ಲೂ ಅದೇ ಮೋಸ ಮಾಡ್ದೆ ನೋಡು ಆ ಮನುಷ್ಯನಿಗೆ.”

“ಯಾಕಮ್ಮ ಮಾಡಿದ್ರಿ?”

“ಆ ಹೆಂಗಸು ಏನು ಕೇಳಿದ್ಳು ಗೊತ್ತಾ? ನನ್ನ ಮಗಳ ಹೆಸರು ಹಿಡಿದು, ‘ನೀವು ಇಲ್ಲೇ ಇದೀರಾ’ ಅಂದ್ಳು. ಇಲ್ಲ ಅನ್ನೋ ಮಾತು ನನ್ನ ಬಾಯಿಂದ ಹೇಗೆ ಬರುತ್ತೆ, ನೀನೇ ಹೇಳು. ಇಲ್ಲ ಅಂದಿದ್ರೆ ಹೆಸರು ಕಿತ್ಕೊಳ್ತಿದ್ರು. ಅವಳು ಓದಿದ್ದೆಲ್ಲಾ ಆ ಹೆಸರಿನ ಹಿಂದಿದೆ. ಕಣ್ಣಿದ್ದೋರು ಹೊಸ ವಿಳಾಸ ಹುಡುಕ್ಕೊಳ್ತಾರೆ. ಕಣ್ಣಿಲ್ಲದೋರು? ಪಕ್ಕದ ಮನೆ ಮೇಷ್ಟ್ರು ದಿನಾ ಅವಳ ದನಿ ಕೇಳ್ಕೊಂಡೇ ಮಲಗೋದು. ಗೋಡೆ ತೆಳು. ನನಗೂ ಕೇಳ್ಸುತ್ತೆ.”

ಸ್ವಲ್ಪ ತಡೆದು ಹೇಳಿದರು: “ನಾನೂ ಹಾಗೇ ಮಲಗೋದು.”

ನಾನು ಕೈಚೀಲದ ಪಟ್ಟಿಯನ್ನು ತಿರುಚುತ್ತ ಕೂತೆ. ಇಲ್ಲಿಗೇ ಬಿಟ್ಟು ಎದ್ದುಹೋಗಬಹುದಿತ್ತು. ತಾಯಿಯೊಬ್ಬಳು ಮಗಳ ಹೆಸರು ಉಳಿಸಿಕೊಂಡಳು, ಅಷ್ಟೆ. ಆದರೆ ಒಂದು ಎಳೆ ಎಲ್ಲೂ ಸೇರದೆ ಹೊರಗೆ ನಿಂತಿತ್ತು.

“ಅಮ್ಮ, ಫೋನ್ ಬಂದದ್ದು ಆಮೇಲೆ. ಅದಕ್ಕೆ ಮೊದಲು ಯಾರೋ ಕಂಪ್ಯೂಟರಿನಲ್ಲಿ ಆ ಖಾತೆ ತೆರೆದು ನವೀಕರಣ ಕೇಳಿದಾರೆ. ಅದು ಯಾರು?”

“ಅಳಿಯಂದ್ರು ಅಂದ್ಕೊಂಡಿದೀನಿ. ನನಗೆ ಆ ಪೆಟ್ಟಿಗೆ ಗುಂಡಿ ಒತ್ತೋಕೂ ಬರಲ್ಲ.”

“ಅವರಿಗೆ ಪಾಸ್‌ವರ್ಡ್ ಗೊತ್ತಿಲ್ಲ. ಅದು ನಿಮ್ಮ ಮಗಳೊಬ್ಬಳಿಗೇ ಗೊತ್ತಿದ್ದದ್ದು. ಇನ್ನೊಂದು ವಿಷಯ. ಖಾತೇಲಿದ್ದ ಮೊಬೈಲ್ ನಂಬರ್ ತೆಗೆದುಹಾಕಿ, ನಿಮ್ಮ ಈ ಫೋನಿನ ನಂಬರ್ ಕೊಟ್ಟಿದಾರೆ. ಕರೆ ಬಂದ್ರೆ ನಿಮಗೇ ಬರ್ಲಿ ಅಂತ. ನೀವು ಅವಳ ದನೀಲಿ ಉತ್ತರ ಕೊಡ್ತೀರಿ ಅಂತ ಮೊದಲೇ ಗೊತ್ತಿದ್ದವರು ಮಾಡಿದ ಕೆಲಸ ಇದು.”

ಅಮ್ಮ ಫೋನಿನ ಕಡೆ ನೋಡಿದರು.

“ಅದು ಯಾರಿಗೆ ಗೊತ್ತಮ್ಮ? ಇದಕ್ಕೆ ಮುಂಚೆ ಯಾವತ್ತಾದರೂ ಅವಳ ದನೀಲಿ ಮಾತಾಡಿದ್ರಾ? ತಮಾಷೆಗಲ್ಲ, ನಿಜವಾಗಿ.”

ಕೆಳಗೆ ಸೈಕಲ್ ಅಂಗಡಿಯವನು ಯಾರನ್ನೋ ಗದರಿದ.

“ಒಂದ್ಸಲ,” ಎಂದರು ಅಮ್ಮ. “ಅವಳು ಮನೆ ಬಿಡೋ ಸ್ವಲ್ಪ ದಿನ ಮುಂಚೆ. ಮೊಬೈಲ್ ಇಲ್ಲೇ ಮರೆತು ಹೋಗಿದ್ಳು. ಹೊರದೇಶದಿಂದ ಕರೆ ಬಂತು. ನಮ್ಮ ಭಾಷೆಯವರೇ ಅಲ್ಲಿ ಒಂದು ಲೈಬ್ರರಿ ನಡೆಸ್ತಾರಂತೆ, ಕಣ್ಣು ಕಾಣದೋರಿಗೆ. ಓದೋಕೆ ಇವಳನ್ನ ಆರಿಸಿದೀವಿ, ಬಂದು ಎರಡು ವರ್ಷ ಇರ್ಬೇಕು, ಬರ್ತೀರಾ ಅಂದ್ರು.”

“ನೀವೇನಂದ್ರಿ?”

“ಬರೋಕಾಗಲ್ಲ ಅಂದೆ. ಅವಳಾಗಿ ಅಂದೆ. ನನಗೆ ಅಮ್ಮ ಇದಾರೆ, ಬಿಟ್ಟು ಬರೋಕಾಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂದೆ. ಅವರು ಎಷ್ಟು ಬೇಜಾರು ಮಾಡ್ಕೊಂಡ್ರು ಅಂದ್ರೆ, ಸಮಾಧಾನ ಬೇರೆ ಹೇಳ್ದೆ.”

“ಅವಳಿಗೆ ಗೊತ್ತಾಯ್ತಾ?”

“ಅವರು ಇನ್ನೊಂದ್ಸಲ ಮಾಡಿದಾರೆ. ಆಗ ಅವಳೇ ಎತ್ತಿದಾಳೆ. ಬಂದು ಅಲ್ಲಿ, ನೀನು ಕೂತಿದೀಯಲ್ಲ, ಅಲ್ಲೇ ನಿಂತ್ಲು. ಕೂಗಾಡ್ಲಿಲ್ಲ. ‘ನನಗೆ ಅಂತ ಇದ್ದದ್ದು ಈ ದನಿ ಒಂದೇ ಅಮ್ಮ, ಅದನ್ನೂ ನೀನೇ ಇಟ್ಕೊಂಡೆ’ ಅಂದ್ಳು. ಹೊರಟ್ಹೋದ್ಳು. ಆಮೇಲೆ ಫೋನ್ ಮಾಡ್ಲೇ ಇಲ್ಲ.”

“ಅವಳ ಪಾಸ್‌ಪೋರ್ಟ್ ಎಲ್ಲಿದೆ ಅಮ್ಮ?”

“ನನ್ನ ಬೀರೂಲಿತ್ತು. ಹೋಗಿಬಿಡ್ತಾಳೆ ಅಂತ ನಾನೇ ಎತ್ತಿಟ್ಟಿದ್ದೆ. ಅವಳು ಕಾಣೆಯಾದ ಮಾರನೇ ದಿನ ನೋಡ್ದೆ.” ಬರಿಗೈ ತಿರುಗಿಸಿ ತೋರಿಸಿದರು. “ಯಾವಾಗ ಬಂದು ತಗೊಂಡ್ಳೋ.”

ನನಗೆ ಸಿಟ್ಟು ಬಂತು. ಬರಬಾರದಿತ್ತು. “ಇಷ್ಟು ದಿನ ಬಾಯಿ ಬಿಡ್ಲಿಲ್ಲ ನೀವು! ಅವರು ಆಸ್ಪತ್ರೆ, ಹೆಣದ ಕೋಣೆ ಎಲ್ಲಾ ಸುತ್ತಿದ್ರು. ಒಂದೊಂದು ಮುಖದ ಬಟ್ಟೆ ಸರಿಸಿ ನೋಡಿದ್ರು.”

“ಗೊತ್ತು. ಬಂದು ಇಲ್ಲೇ ಕೂತು ಅಳೋರು. ಅದಕ್ಕೇ ಮುಖ ತಿರುಗಿಸ್ತಿದ್ದದ್ದು.” ಅಮ್ಮನ ದನಿ ತೀರಾ ಕೆಳಗಿಳಿಯಿತು. “ಹೇಳಿದ್ರೆ ಎರಡೂ ಹೇಳ್ಬೇಕಿತ್ತು ಕಣಮ್ಮ. ಅವಳು ಹೋದ್ಳು ಅಂತ. ನಾನು ಕಳಿಸ್ದೆ ಅಂತ.”

ಈಗ ಆ ಎಳೆ ತಾನಾಗಿ ಬಂದು ಸೇರಿಕೊಂಡಿತು. ದೇಶದ ಹೊರಗಿರುವವಳಿಗೆ ಆ ಹೆಸರಿನ ಅರ್ಹತೆ ಇಲ್ಲ. ‘ಇಲ್ಲೇ ಇದೀನಿ’ ಎಂದು ಹೇಳಬಲ್ಲ ತನ್ನ ದನಿ ಈ ದೇಶದಲ್ಲಿ ಇನ್ನೊಂದೇ ಇದೆ, ಈ ಮುಕ್ಕಾಲಿಯ ಪಕ್ಕದಲ್ಲಿ. ಅದನ್ನು ತಿಳಿದವಳು ಅಮ್ಮನಿಗೆ ಫೋನು ಮಾಡಲಿಲ್ಲ. ಅಮ್ಮನ ನಂಬರನ್ನು ಮಾತ್ರ ಕೊಟ್ಟಳು.

ಅಮ್ಮನಿಗೂ ಅದು ಅದೇ ಗಳಿಗೆಗೆ ಹೊಳೆಯಿತು.

“ಬೈಗುಳಾನಾ ಇದು, ಕ್ಷಮೇನಾ?” ಎಂದು ಕೇಳಿದರು. “ಒಂದ್ಸಲ ನನ್ನ ದನಿ ಕದ್ದೆಯಲ್ಲ, ಈಗ ನನಗೋಸ್ಕರ ಇನ್ನೊಂದ್ಸಲ ಕದಿ ಅಂತಾನಾ? ಇಲ್ಲಾ, ನೀನೇ ಇದೀಯಲ್ಲ, ನೋಡ್ಕೋ ಅಂತಾನಾ? ನೀನು ಓದಿದೋಳು. ಹೇಳು.”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

*

ಅಮ್ಮ ರಿಸೀವರು ಎತ್ತಿದರು. ಸ್ಪೀಕರಿನಲ್ಲಿ ಬೆಳಿಗ್ಗೆಯ ಅಧಿಕಾರಿಯ ದನಿ ಗಟ್ಟಿಯಾಗಿ ಕೇಳಿತು.

“ಮೇಡಂ, ನೋಂದಣಿ ಕಚೇರಿಯಿಂದ. ಓದೋ ಅಕ್ಕ ಅಲ್ವಾ?”

ಅಮ್ಮ ನನ್ನನ್ನು ನೋಡಿದರು. ಬೆನ್ನು ನೆಟ್ಟಗಾಯಿತು. ಗದ್ದ ಮೇಲಕ್ಕೆ ಬಂತು.

“ಹೌದು. ಹೇಳಿ.”

ಎರಡೇ ಮಾತು. ಎದುರಿಗೆ ಕೂತಿದ್ದ ಮುದುಕಿಯ ವಯಸ್ಸು ಆ ಮಾತಿನಲ್ಲಿ ಇರಲೇ ಇಲ್ಲ.

ಅದೇ ಕ್ಷಣ ಮೆಟ್ಟಿಲ ಮೇಲೆ ದಡದಡ ಓಡಿಬರುವ ಸದ್ದು. ಅಮ್ಮನ ಬೆನ್ನು ಬಾಗಿಲಿಗಿತ್ತು, ಕೇಳುವ ಕಿವಿ ಫೋನಿಗಿತ್ತು. ನಾನು ಮಾತ್ರ ನೋಡಿದೆ. ಅಂಗಡಿಯಲ್ಲಿ ಕೂರಲಾರದೆ ಹೊರಟುಬಂದ ಕನ್ನಡಕದಂಗಡಿಯವರು ಹೊಸ್ತಿಲಲ್ಲಿ ಬಂದು ನಿಂತರು, ಕೈಯಲ್ಲಿ ಅದೇ ಡಬ್ಬಿ. ಹೆಂಡತಿಯ ದನಿ ಕೇಳಿ ಓಡಿಬಂದವರ ಮುಖ ಎಷ್ಟು ಬೆಳಗಿತ್ತೆಂದರೆ ನನಗೆ ನೋಡಲಾಗಲಿಲ್ಲ. ಕೋಣೆಯೆಲ್ಲ ಹುಡುಕಿದ ಅವರ ಕಣ್ಣು ರಿಸೀವರು ಹಿಡಿದ ಕೈಗೆ ಬಂದು ನಿಂತಿತು.

ಮುಖದ ಬೆಳಕು ಹೋದದ್ದನ್ನೂ ನೋಡಿದೆ. ಕಣ್ಣು ತಪ್ಪಿಸಬೇಕೆಂದು ನೆನಪಾಗುವಷ್ಟರಲ್ಲಿ ಹೋಗಿಯಾಗಿತ್ತು.

“ನಾನು ಹೋದ ತಿಂಗಳು ಮಾಡಿದ ಕರೆಯ ಧ್ವನಿಮುದ್ರಣ ನಿಮ್ಮ ಖಾತೇಲೇ ಇರುತ್ತೆ ಮೇಡಂ,” ಎನ್ನುತ್ತಿದ್ದರು ಅಧಿಕಾರಿ. “ಅದನ್ನ ಯಾರೋ ತೆರೆದು ಕೇಳ್ತಿದಾರೆ. ದಿನಾ. ಪೂರ್ತಿ ಅಲ್ಲ, ಕೊನೇ ತುಣುಕು ಮಾತ್ರ. ನೀವು ‘ಇಡ್ಲಾ’ ಅಂದು ಸುಮ್ಮನಾಗ್ತೀರಲ್ಲ, ಅದು. ಕೇಳ್ತಿರೋದು ಈ ದೇಶದಿಂದ ಅಲ್ಲ, ಹೊರಗಿಂದ.”

ಅಮ್ಮನ ಇನ್ನೊಂದು ಕೈ ಗಾಳಿಯಲ್ಲಿ ತಡಕಿ ಮುಕ್ಕಾಲಿ ಹಿಡಿಯಿತು.

“ತಕರಾರಿದ್ರೆ ಬಾಯಲ್ಲೇ ಹೇಳೋಕೆ ಖಾತೇಲಿ ಒಂದು ಜಾಗ ಇದೆ. ಈವತ್ತು ಬೆಳಿಗ್ಗೆ ಅದರಲ್ಲಿ ಒಂದು ಮಾತು ಹೇಳಿದಾರೆ. ಒಂದೇ ಮಾತು. ಕೇಳಿಸ್ತೀನಿ ಇರಿ.”

ಸಣ್ಣಗೆ ಗೊರಗೊರ ಸದ್ದು. ಯಾರೋ ಉಸಿರೆಳೆದುಕೊಂಡರು. ಹೇಳಲೋ ಬೇಡವೋ ಎಂದು ತಡೆದರು. ಆಮೇಲೆ,

“ಇಡಮ್ಮ.”

ಅಮ್ಮ ಕಣ್ಣು ಮುಚ್ಚಿಕೊಂಡರು. ಹೊಸ್ತಿಲಲ್ಲಿ ಕನ್ನಡಕದಂಗಡಿಯವರು ಗೋಡೆಗೆ ಒರಗಿದರು.

“ನಿಮ್ಮ ದನಿಯ ಹಾಗೇ ಇದೆ ಮೇಡಂ. ಅದಕ್ಕೇ ಕೇಳ್ಬೇಕು. ಲ್ಯಾಂಡ್‌ಲೈನ್ ಕರೆನ ಎಲ್ಲಿಗೆ ಬೇಕಾದ್ರೂ ತಿರುಗಿಸ್ಕೋಬಹುದು, ನೀವು ಎಲ್ಲಿಂದ ಮಾತಾಡ್ತಿದೀರೋ ನನಗೆ ಕಾಣಲ್ಲ. ಆ ದನಿ ನಿಮ್ಮದೇ ಆದ್ರೆ ನೀವು ದೇಶ ಬಿಟ್ಟಿದೀರಿ ಅಂತಾಯ್ತು. ಅರ್ಹತೆ ಇಲ್ಲ, ಹೆಸರು ಈವತ್ತೇ ರದ್ದು. ನಿಮ್ಮದಲ್ಲ ಅಂದ್ರೆ ಯಾರೋ ಕಳ್ಳರು ಒಳಗೆ ನುಗ್ಗಿದಾರೆ. ಖಾತೆಗೆ ಈಗ್ಲೇ ಬೀಗ ಹಾಕ್ತೀನಿ. ಹೆಸರು ಉಳಿಯುತ್ತೆ, ಅವರು ಮಾತ್ರ ಇನ್ನು ಒಳಗೆ ಬರೋಕಾಗಲ್ಲ. ಯಾವುದು, ಹೇಳಿ.”

ಅಮ್ಮ ಅಂಗೈಯಿಂದ ರಿಸೀವರಿನ ಬಾಯಿ ಮುಚ್ಚಿ ನನ್ನ ಕಡೆ ನೋಡಿದರು. ನನ್ನ ಕಣ್ಣು ಎಲ್ಲಿತ್ತೆಂದು ಕಂಡು ಹಿಂದೆ ತಿರುಗಿದರು.

“ಬೆಳಿಗ್ಗೆ ನಾನು ಕೇಳಿದ್ದು ನಿಮ್ಮ ದನೀನಾ ಅತ್ತೆ?” ಎಂದರು ಅಳಿಯ, ಪಿಸುದನಿಯಲ್ಲಿ.

ಅಮ್ಮ ಹೌದೆಂದು ತಲೆಯಾಡಿಸಿದರು.

“ಈಗ ಕೇಳಿದ್ದು?”

ಅಮ್ಮನ ಕಣ್ಣಿಂದ ನೀರಿಳಿಯಿತು. ಒರೆಸಿಕೊಳ್ಳಲು ಎರಡೂ ಕೈ ಖಾಲಿ ಇರಲಿಲ್ಲ.

“ಮೇಡಂ? ಲೈನಲ್ಲಿದೀರಾ?”

ಪಕ್ಕದ ಮನೆಯ ಗೋಡೆಯನ್ನು ಅಮ್ಮ ಒಂದು ಸಲ ನೋಡಿದರು. ಅಂಗೈ ತೆಗೆದರು.

“ಇದೀನಿ,” ಎಂದರು, ಮಗಳ ದನಿಯಲ್ಲಿ. “ಆ ದನಿ ನಂದಲ್ಲ.”

“ಖಂಡಿತವಾಗ್ಲೂ?”

“ನಂದಲ್ಲ. ಯಾರದ್ದೋ ಗೊತ್ತಿಲ್ಲ.”

“ಸರಿ ಮೇಡಂ. ಬೀಗ ಹಾಕ್ದೆ. ಹೆಸರಿನ ಬಗ್ಗೆ ಚಿಂತೆ ಬೇಡ.”

ಅಮ್ಮ ‘ಇಡ್ಲಾ’ ಎಂದು ಕೇಳಲಿಲ್ಲ. ರಿಸೀವರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ಕೂತರು, ಮಲಗಿದ ಮಗುವಿನ ಮೇಲೆ ಇಟ್ಟ ಹಾಗೆ.

ಕನ್ನಡಕದಂಗಡಿಯವರು ಒಳಗೆ ಬಂದರು. ಡಬ್ಬಿಯನ್ನು ಫೋನಿನ ಪಕ್ಕದಲ್ಲಿಟ್ಟರು.

“ಇನ್ನು ಅವಳಿಗೆ ನಿಮ್ಮ ಆ ‘ಇಡ್ಲಾ’ನೂ ಕೇಳ್ಸಲ್ವಾ ಅತ್ತೆ?”

“ಹೆಸರು ಉಳೀತು.”

“ಹೆಸರು ಇಟ್ಕೊಂಡು ನಾನೇನ್ ಮಾಡ್ಲಿ?” ಕೂಗಲಿಲ್ಲ ಅವರು. ಅಂಗಡಿಯಲ್ಲಿ ಗಿರಾಕಿಗೆ ಬೆಲೆ ಹೇಳುವಷ್ಟೇ ಮೆತ್ತಗೆ ಕೇಳಿದರು. “ನಿಮ್ಮ ಹತ್ರ ಮಾತು ಬಿಟ್ಟಿದ್ಳು, ಏನೋ ಕೋಪ ಇತ್ತು, ಸರಿ. ನನ್ನ ಹತ್ರ ಏನಿತ್ತು ಅವಳಿಗೆ? ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ?”

ಈ ಪ್ರಶ್ನೆಯನ್ನು ಮೊದಲ ದಿನವೇ ನಾನು ಕೇಳಬೇಕಾಗಿತ್ತಲ್ಲ ಎಂದುಕೊಳ್ಳುತ್ತಿರುವಾಗಲೇ ಅಮ್ಮನ ಅಂಗೈ ಕೆಳಗೆ ಫೋನು ಮತ್ತೆ ಹೊಡೆದುಕೊಂಡಿತು.

ಮೂವರೂ ಅದನ್ನೇ ನೋಡಿದೆವು.

ಅಧಿಕಾರಿಯೇ ಇರಬಹುದು, ಏನಾದರೂ ಕೇಳಲು ಮರೆತು. ಅಥವಾ ಎಲ್ಲೋ ದೂರದಲ್ಲಿ ಒಬ್ಬಾಕೆ, ದಿನವೂ ತೆರೆಯುತ್ತಿದ್ದ ಬಾಗಿಲಿಗೆ ಈಗಷ್ಟೇ ಬೀಗ ಬಿದ್ದದ್ದನ್ನು ಕಂಡವಳು. ಅಧಿಕಾರಿಯಾದರೆ ಎತ್ತಿದವರು ಮಗಳಾಗಿ ಮಾತಾಡಬೇಕು. ತಪ್ಪಿದರೆ ಹೆಸರು ಹೋಗುತ್ತದೆ. ಆಕೆಯಾದರೆ ಅಮ್ಮನಾಗಿ ಮಾತಾಡಬೇಕು. ಈ ಸಲವೂ ತನ್ನದೇ ದನಿ ತನಗೆ ಎದುರಾದರೆ ಆಕೆ ಇನ್ನೆಂದೂ ಫೋನು ಮಾಡುವುದಿಲ್ಲ.

ಮೊದಲ ಮಾತಿನಲ್ಲೇ ತೀರ್ಮಾನವಾಗಬೇಕಿತ್ತು.

“ಎತ್ತಿ ಅತ್ತೆ,” ಎಂದರು ಕನ್ನಡಕದಂಗಡಿಯವರು. “ನಿಂತುಹೋಗುತ್ತೆ.”

ಅಮ್ಮನ ಬೆರಳುಗಳು ರಿಸೀವರನ್ನು ಸುತ್ತಿಕೊಂಡವು. ಮೇಲಕ್ಕೆತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಆ ಸದ್ದಿನ ನಡುವೆ, ತಮ್ಮದೇ ಮುದಿ ದನಿಯಲ್ಲಿ ಕೇಳಿದರು:

“ಯಾರಾಗಿ ಎತ್ಲಿ?”